ಅಳೆಯಲು ಕಲಿಯುವುದೇ ನ್ಯಾನೊ ವಿಜ್ಞಾನ

ಹಳ್ಳಿಯ ಆಶಾ ಕಾರ್ಯಕರ್ತೆಯ ಚೀಲದಲ್ಲಿ ಗರ್ಭ ನಿಂತಿದೆಯೇ ಇಲ್ಲವೇ ಎಂಬುದನ್ನು ಪರೀಕ್ಷಿಸುವ ಬಿಳಿಯ ಪುಟ್ಟ ಕಿಟ್ ಇರುತ್ತದೆ. ಅದರ ಗುಳಿಯಲ್ಲಿ ಕೆಲವು ಹನಿ ಮೂತ್ರ ಹಾಕಿದರೆ ಸ್ವಲ್ಪ ಹೊತ್ತಿನಲ್ಲಿ ಒಂದೋ ಎರಡೋ ಗುಲಾಬಿ ಗೆರೆಗಳು ಮೂಡುತ್ತವೆ. ಬಹುಪಾಲು ಕಿಟ್‌ಗಳಲ್ಲಿ ಆ ಗುಲಾಬಿ ಬಣ್ಣವನ್ನು ಕೊಡುವುದು ಚಿನ್ನ. ಸಾಮಾನ್ಯವಾಗಿ 20ರಿಂದ 40 ನ್ಯಾನೋಮೀಟರ್ ಅಡ್ಡಳತೆಯ, ಅಂದರೆ ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಅಂಥ ಕೆಲವೇ ಭಾಗಗಳಷ್ಟು ಅಗಲವಿರುವ ಚಿನ್ನದ ಕಣಗಳಿಗೆ ಪ್ರತಿಕಾಯಗಳನ್ನು, ಅಂದರೆ ಗೊತ್ತಾದ ಅಣುವನ್ನಷ್ಟೇ ಹಿಡಿಯುವ ಪ್ರೋಟೀನುಗಳನ್ನು ಅಂಟಿಸಿ, ಅವನ್ನು ಪಟ್ಟಿಯ ಒಂದು ತುದಿಯಲ್ಲಿ ಒಣಗಿಸಿ ಇಟ್ಟಿರುತ್ತಾರೆ. ಮೂತ್ರವು ಪಟ್ಟಿಯುದ್ದಕ್ಕೂ ಹೀರಿಕೊಂಡು ಹೋಗುವಾಗ ಈ ಕಣಗಳನ್ನೂ ಹೊತ್ತೊಯ್ಯುತ್ತದೆ. ಗರ್ಭಿಣಿಯ ಮೂತ್ರದಲ್ಲಿರುವ ಎಚ್‌ಸಿಜಿ ಹಾರ್ಮೋನು ಒಂದು ಬದಿಯಲ್ಲಿ ಕಣಕ್ಕೆ ಅಂಟಿದ ಪ್ರತಿಕಾಯವನ್ನೂ ಮತ್ತೊಂದು ಬದಿಯಲ್ಲಿ ಗೆರೆಯ ಜಾಗದಲ್ಲಿ ಮೊದಲೇ ನೆಲೆಗೊಳಿಸಿದ ಪ್ರತಿಕಾಯವನ್ನೂ ಹಿಡಿದುಕೊಳ್ಳುತ್ತದೆ. ಹೀಗೆ ಅಸಂಖ್ಯ ಚಿನ್ನದ ಕಣಗಳು ಒಂದೇ ಕಡೆ ಸಿಕ್ಕಿಕೊಂಡಾಗ ನಮ್ಮ ಕಣ್ಣಿಗೆ ಗೆರೆ ಕಾಣುತ್ತದೆ. ಎರಡನೆಯ ಗೆರೆಯ ಕೆಲಸ ಬೇರೆ. ಹಾರ್ಮೋನು ಇರಲಿ ಇಲ್ಲದಿರಲಿ ಅದು ಮೂಡಲೇಬೇಕು, ಏಕೆಂದರೆ ಅದು ಪರೀಕ್ಷೆ ಸರಿಯಾಗಿ ನಡೆದಿದೆ ಎಂಬುದಕ್ಕೆ ಕಿಟ್ ತಾನೇ ಒದಗಿಸುವ ಸಾಕ್ಷಿ. ಅದು ಮೂಡದಿದ್ದರೆ ಮೊದಲ ಗೆರೆ ಏನೇ ಹೇಳಲಿ, ಆ ಕಿಟ್ಟನ್ನು ಎಸೆದು ಹೊಸದನ್ನು ತೆರೆಯಬೇಕು.

ಜಿಲ್ಲಾ ಕೇಂದ್ರವೊಂದರ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ನಾನು ನ್ಯಾನೊ ತಂತ್ರಜ್ಞಾನದ ಪಾಠವನ್ನು ಈ ಎರಡನೆಯ ಗೆರೆಯಿಂದಲೇ ಆರಂಭಿಸುತ್ತೇನೆ. ಈ ವಿಷಯದ ಮೇಲೆ ನಡೆಯುವ ಕಾರ್ಯಾಗಾರಗಳಲ್ಲಿ, ಪತ್ರಿಕೆಗಳ ಪುರವಣಿಗಳಲ್ಲಿ, ಪ್ರವೇಶಾತಿಯ ಕರಪತ್ರಗಳಲ್ಲಿ ನಮಗೆ ಹೇರಳವಾಗಿ ಸಿಗುವುದು ಮೊದಲ ಗೆರೆಯ ಮಾತು: ಕ್ಯಾನ್ಸರ್ ಕೋಶವನ್ನೇ ಹುಡುಕಿ ಹೋಗುವ ಔಷಧ, ಕೊಳೆಯಾಗದ ಬಟ್ಟೆ, ಚಿಟಿಕೆಯಷ್ಟು ಗೊಬ್ಬರದಲ್ಲಿ ತುಂಬು ಬೆಳೆ. ಹೀಗೆ ಹೇಳುತ್ತಿರುವುದು ನಿಜವೆಂದು ಹೇಗೆ ತಿಳಿಯುವುದು, ಅಲ್ಲಿರುವುದು ನ್ಯಾನೊ ಕಣವೇ ಎಂದು ಯಾರು ಅಳೆದರು, ಯಾವುದರೊಂದಿಗೆ ಹೋಲಿಸಿದರು ಎಂಬ ಮಾತು ಅಪರೂಪ. ಕಣ್ಣಿಗೆ ಕಾಣದ ವಸ್ತುವಿನ ವಿಜ್ಞಾನದಲ್ಲಿ ಅಳತೆಯೇ ಕಣ್ಣು. ನಮ್ಮ ರಾಜ್ಯದಲ್ಲಿ ಈ ಕ್ಷೇತ್ರದ ಸಂಶೋಧನೆ ಬೆಳೆದಷ್ಟು ಅಳೆಯುವ ಶಿಕ್ಷಣ ಬೆಳೆದಿಲ್ಲ ಎಂಬ ಕಳವಳವೇ ಈ ಬರಹಕ್ಕೆ ಕಾರಣ.

ಮೊದಲು ಚಿನ್ನದ ಬಣ್ಣದ ವಿಚಾರವನ್ನು ಮುಗಿಸುತ್ತೇನೆ. ಮೈಕೆಲ್ ಫ್ಯಾರಡೆ 1857ರಲ್ಲಿ ಲಂಡನ್ನಿನಲ್ಲಿ ನೀಡಿದ ಉಪನ್ಯಾಸವೊಂದರಲ್ಲಿ ಮಾಣಿಕ್ಯದಂತೆ ಕೆಂಪಗಿದ್ದ ಚಿನ್ನದ ದ್ರಾವಣವನ್ನು ವಿವರಿಸಿದ್ದರು. ಆ ದ್ರವದೊಳಗೆ ಚಿನ್ನವು ಯಾವ ಸೂಕ್ಷ್ಮದರ್ಶಕಕ್ಕೂ ಕಾಣದಷ್ಟು ಸಣ್ಣ ಕಣಗಳಾಗಿ ಹರಡಿಕೊಂಡಿದೆ ಎಂದು ಅವರು ಊಹಿಸಿದ್ದು, ಕಣಗಳನ್ನು ನೋಡಿ ಅಲ್ಲ, ಬೆಳಕಿನ ಕಿರಣವನ್ನು ಹಾಯಿಸಿದಾಗ ಅದರ ದಾರಿ ದ್ರವದೊಳಗೆ ಮಿನುಗಿ ಕಾಣುವುದನ್ನು ಗಮನಿಸಿ. ಅವರು ತಯಾರಿಸಿದ ದ್ರಾವಣದ ಬಾಟಲಿಗಳು ಇಂದಿಗೂ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿವೆ. ಗುಸ್ತಾವ್ ಮೀ 1908ರಲ್ಲಿ ಇದರ ಗಣಿತವನ್ನು ಬಿಡಿಸಿಟ್ಟರು. ಅಷ್ಟು ಸಣ್ಣ ಕಣದೊಳಗಿನ ಸ್ವತಂತ್ರ ಎಲೆಕ್ಟ್ರಾನುಗಳು ಸುಮಾರು 520 ನ್ಯಾನೋಮೀಟರ್ ತರಂಗಾಂತರದ ಹಸಿರು ಬೆಳಕಿನ ಲಯಕ್ಕೆ ಒಟ್ಟಾಗಿ ತೂಗುತ್ತವೆ, ಆ ಬೆಳಕನ್ನು ಹೀರಿಕೊಳ್ಳುತ್ತವೆ, ಉಳಿದ ಕೆಂಪು ನಮ್ಮ ಕಣ್ಣಿಗೆ ಬರುತ್ತದೆ. ಕಣ ದೊಡ್ಡದಾದರೆ ಅಥವಾ ಕಣಗಳು ಒಂದಕ್ಕೊಂದು ಅಂಟಿಕೊಂಡರೆ ಬಣ್ಣ ನೇರಳೆ, ನೀಲಿಯತ್ತ ಜಾರುತ್ತದೆ. ಧಾತು ಅದೇ, ಗುಣ ಬೇರೆ; ಗುಣವನ್ನು ನಿರ್ಧರಿಸುವುದು ಗಾತ್ರ. ಈ ಒಂದು ಸಂಗತಿ ಮನಸ್ಸಿಗೆ ಇಳಿದರೆ ನ್ಯಾನೊ ವಿಜ್ಞಾನದ ಅರ್ಧ ಪಾಠ ಮುಗಿದಂತೆ.

ಉಳಿದರ್ಧವು ಮೇಲ್ಮೈಯ ವಿಚಾರ. ಒಂದು ಸೆಂಟಿಮೀಟರ್ ಬದಿಯ ಘನಾಕೃತಿಯ ಒಟ್ಟು ಮೇಲ್ಮೈ ಆರು ಚದರ ಸೆಂಟಿಮೀಟರ್. ಅದನ್ನೇ ಒಂದು ನ್ಯಾನೋಮೀಟರ್ ಬದಿಯ ಘನಗಳಾಗಿ ಕತ್ತರಿಸಿದರೆ ಒಟ್ಟು ಮೇಲ್ಮೈ 6,000 ಚದರ ಮೀಟರ್, ಅಂದರೆ ಹೆಚ್ಚುಕಡಿಮೆ ಒಂದೂವರೆ ಎಕರೆ. ಘನವಸ್ತುವಿನ ರಾಸಾಯನಿಕ ಕ್ರಿಯೆಗಳು ಮುಖ್ಯವಾಗಿ ಅದರ ಮೇಲ್ಮೈಯಲ್ಲೇ ನಡೆಯುವುದರಿಂದ ಅಂಗೈಯಲ್ಲಿ ಹಿಡಿಯುವಷ್ಟು ಪುಡಿಗೆ ಹೊಲದಷ್ಟು ಕೆಲಸದ ಜಾಗ ಸಿಗುತ್ತದೆ. ಸಾವಿರಾರು ವರ್ಷ ಜಡವೆಂದು ನಂಬಿದ್ದ ಚಿನ್ನವೂ ಕೆಲವೇ ನ್ಯಾನೋಮೀಟರಿನ ಕಣವಾದಾಗ ಇಂಗಾಲದ ಮಾನಾಕ್ಸೈಡನ್ನು ಸುಡಲು ನೆರವಾಗುವ ವೇಗವರ್ಧಕವಾಗುತ್ತದೆ ಎಂದು ಜಪಾನಿನ ಮಸಟಾಕೆ ಹರುಟಾ 1980ರ ದಶಕದಲ್ಲಿ ತೋರಿಸಿದರು. ಇಷ್ಟೇ ಗಾತ್ರದ, ಇಷ್ಟೇ ಮೇಲ್ಮೈಯ ಕಣಗಳು ದೇಹದೊಳಗೆ ಅಥವಾ ಕೆರೆಯ ನೀರಿಗೆ ಸೇರಿದಾಗ ಅಲ್ಲಿಯೂ ಚುರುಕಾಗಿ ವರ್ತಿಸಬಹುದೆಂಬ ಎಚ್ಚರವೂ ಈ ಲೆಕ್ಕದಿಂದಲೇ ಹುಟ್ಟುತ್ತದೆ.

ಈ ಕ್ಷೇತ್ರದ ಭಾರತೀಯ ಚರಿತ್ರೆಯಲ್ಲಿ ಬೆಂಗಳೂರಿನ ಪಾಲು ದೊಡ್ಡದು. ಕೇಂದ್ರ ಸರ್ಕಾರ 2007ರಲ್ಲಿ ಐದು ವರ್ಷಗಳಿಗೆ 1,000 ಕೋಟಿ ರೂಪಾಯಿಯ ನ್ಯಾನೊ ಮಿಷನ್ ಆರಂಭಿಸಿದಾಗ ಅದರ ನೇತೃತ್ವ ವಹಿಸಿದವರು ಬಸವನಗುಡಿಯಲ್ಲಿ ಬೆಳೆದ, ಮೈಸೂರು ವಿಶ್ವವಿದ್ಯಾನಿಲಯದ ಪದವೀಧರರಾದ ಪ್ರೊ. ಸಿ. ಎನ್. ಆರ್. ರಾವ್. ಅವರು ಕಟ್ಟಿ ಬೆಳೆಸಿದ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಈ ವಿಷಯದಲ್ಲಿ ಜಗತ್ತು ಗುರುತಿಸುವ ಸಂಸ್ಥೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಅಜಯ್ ಸೂದ್ ಮತ್ತು ಸಂಗಡಿಗರು ಇಂಗಾಲದ ನ್ಯಾನೊ ಕೊಳವೆಗಳ ಮೇಲೆ ದ್ರವ ಹರಿದರೆ ವಿದ್ಯುತ್ ವಿಭವ ಹುಟ್ಟುತ್ತದೆಂದು 2003ರಲ್ಲಿ ಪ್ರಕಟಿಸಿದರು. ದ್ರವಸ್ಫಟಿಕಗಳ ಅಧ್ಯಯನದಲ್ಲಿ ಹೆಸರಾದ ಪ್ರೊ. ಎಸ್. ಚಂದ್ರಶೇಖರ್ ಜಾಲಹಳ್ಳಿಯಲ್ಲಿ ಸ್ಥಾಪಿಸಿದ ಕೇಂದ್ರವು ಮುಂದೆ ನ್ಯಾನೊ ಮತ್ತು ಮೃದು ವಸ್ತು ವಿಜ್ಞಾನ ಕೇಂದ್ರವಾಗಿ ಮಾರ್ಪಟ್ಟು ಈಗ ಅರ್ಕಾವತಿ ಆವರಣದಲ್ಲಿದೆ.

ಇವುಗಳ ಪೈಕಿ ಎರಡು ನೆಲೆಗಳಲ್ಲಿ, ಅಂದರೆ ಜಕ್ಕೂರಿನಲ್ಲಿ ಮತ್ತು ಜಾಲಹಳ್ಳಿಯ ಕೇಂದ್ರದಲ್ಲಿ, ಪ್ರೊ. ಜಿ. ಯು. ಕುಲಕರ್ಣಿ ಅವರ ತಂಡ ಬೆಳೆಸಿದ ಒಂದು ವಿಧಾನವನ್ನು ನಾನು ತರಗತಿಯಲ್ಲಿ ಪ್ರೀತಿಯಿಂದ ಹೇಳುತ್ತೇನೆ. ಮೊಬೈಲಿನ ಪರದೆಯಂಥ ಸಾಧನಗಳಿಗೆ ಬೆಳಕನ್ನೂ ಬಿಡಬೇಕಾದ, ವಿದ್ಯುತ್ತನ್ನೂ ಹರಿಸಬೇಕಾದ ಪದರ ಬೇಕು. ಅದಕ್ಕೆ ರೂಢಿಯಲ್ಲಿರುವ ವಸ್ತುವಿನಲ್ಲಿ ಇಂಡಿಯಂ ಎಂಬ ದುಬಾರಿ, ಅಪರೂಪದ ಲೋಹ ಇದೆ. ಇವರು ಗಾಜಿನ ಮೇಲೆ ವಿಶೇಷ ದ್ರಾವಣದ ತೆಳುಪದರ ಸವರಿ ಒಣಗಲು ಬಿಟ್ಟರು. ಬೇಸಿಗೆಯಲ್ಲಿ ಕೆರೆಯಂಗಳದ ಕೆಸರು ಒಣಗಿ ಬಿರಿಯುವಂತೆ ಆ ಪದರವೂ ಒಂದಕ್ಕೊಂದು ಕೂಡಿಕೊಂಡ ಸೂಕ್ಷ್ಮ ಬಿರುಕುಗಳ ಬಲೆಯಾಗುತ್ತದೆ. ಅದರ ಮೇಲೆ ಲೋಹವನ್ನು ಆವಿಯಾಗಿಸಿ ಕೂರಿಸಿ, ಒಣಗಿದ ಪದರವನ್ನು ತೊಳೆದು ತೆಗೆದರೆ ಬಿರುಕುಗಳಿದ್ದ ಜಾಗದಲ್ಲಷ್ಟೇ ಲೋಹದ ಎಳೆಗಳು ಉಳಿಯುತ್ತವೆ. ಎಳೆಗಳ ನಡುವಿನ ಖಾಲಿ ಜಾಗದಲ್ಲಿ ಬೆಳಕು ಹಾಯುತ್ತದೆ, ಎಳೆಗಳಲ್ಲಿ ವಿದ್ಯುತ್ ಹರಿಯುತ್ತದೆ. ಬಿರುಕನ್ನು ದೋಷವೆಂದು ಬದಿಗಿಡದೆ ಅದನ್ನೇ ಅಚ್ಚಾಗಿ ಬಳಸಿದ್ದು ಈ ವಿಧಾನದ ಸೊಗಸು. ಅದು ಸಾಧ್ಯವಾದದ್ದು ಬಿರುಕಿನ ಅಗಲ, ಪದರದ ದಪ್ಪ, ಒಣಗುವ ವೇಗ ಇವುಗಳ ನಡುವಿನ ಸಂಬಂಧವನ್ನು ತಾಳ್ಮೆಯಿಂದ ಅಳೆದಿದ್ದರಿಂದ.

ಇನ್ನು ನಮ್ಮಂಥ ಕಾಲೇಜುಗಳ ಕಡೆಗೆ ಬರುತ್ತೇನೆ. ಕರ್ನಾಟಕದ ಸಣ್ಣ ಊರುಗಳ ಪ್ರಯೋಗಾಲಯಗಳಲ್ಲಿ ನ್ಯಾನೊ ಪುಡಿಗಳನ್ನು ತಯಾರಿಸುವ ಎರಡು ದಾರಿಗಳು ಬಹಳ ಬಳಕೆಯಲ್ಲಿವೆ. ಒಂದನೆಯದು ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಕೆ. ಸಿ. ಪಾಟೀಲ ಮತ್ತು ಅವರ ವಿದ್ಯಾರ್ಥಿಗಳು 1980ರ ದಶಕದಲ್ಲಿ ರೂಪಿಸಿದ ದ್ರಾವಣ ದಹನ ವಿಧಾನ. ಲೋಹದ ನೈಟ್ರೇಟನ್ನೂ ಯೂರಿಯಾದಂಥ ಇಂಧನವನ್ನೂ ಲೆಕ್ಕಹಾಕಿದ ಪ್ರಮಾಣದಲ್ಲಿ ನೀರಿನಲ್ಲಿ ಕರಗಿಸಿ, ಸುಮಾರು 500 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ ಮಫಲ್ ಫರ್ನೇಸು ಎಂಬ ಮುಚ್ಚಿದ ಕುಲುಮೆಯೊಳಗೆ ಇಡಬೇಕು. ನೀರು ಕುದಿದು ಹೋದೊಡನೆ ಮಿಶ್ರಣ ತಾನೇ ಹೊತ್ತಿಕೊಳ್ಳುತ್ತದೆ; ಜ್ವಾಲೆಯ ತಾಪ ಸಾವಿರ ಡಿಗ್ರಿಯನ್ನು ಮೀರುತ್ತದೆ; ಹೊರಬೀಳುವ ಅನಿಲಗಳು ಉಳಿದ ಆಕ್ಸೈಡನ್ನು ಹಗುರವಾದ ನೊರೆಯಂತೆ ಉಬ್ಬಿಸಿ, ಕಣಗಳು ಒಂದಕ್ಕೊಂದು ಬೆಸೆದುಕೊಂಡು ಬೆಳೆಯದಂತೆ ತಡೆಯುತ್ತವೆ. ಎಲ್ಲವೂ ಕೆಲವೇ ನಿಮಿಷಗಳ ಕೆಲಸ. ಬೇಕಾದದ್ದು ಒಂದು ಫರ್ನೇಸು, ಒಂದು ತಕ್ಕಡಿ, ಒಂದು ಪಿಂಗಾಣಿ ಬಟ್ಟಲು. ಬಡ ಪ್ರಯೋಗಾಲಯಗಳ ಪಾಲಿಗೆ ಇದೊಂದು ವರ ಎಂದು ನಾನು ಮನಸಾರೆ ಹೇಳುತ್ತೇನೆ. ಹೊಳೆಯುವ ಫಾಸ್ಫರ್‌ಗಳು, ಬಣ್ಣದ ಕಲ್ಮಶವನ್ನು ಬಿಸಿಲಿನಲ್ಲಿ ಒಡೆಯುವ ವೇಗವರ್ಧಕಗಳು ಎಂದು ನಮ್ಮ ರಾಜ್ಯದಲ್ಲಿ ಎಷ್ಟೋ ಪಿಎಚ್‌ಡಿ ಪ್ರಬಂಧಗಳು ಈ ಜ್ವಾಲೆಯಿಂದ ಹೊರಬಂದಿವೆ. ಎರಡನೆಯ ದಾರಿ ಹಸಿರು ತಯಾರಿ. ತುಳಸಿ, ಬೇವು, ನುಗ್ಗೆ, ಸಿಕ್ಕ ಯಾವುದೇ ಎಲೆಯ ಕಷಾಯವನ್ನು ಸಿಲ್ವರ್ ನೈಟ್ರೇಟ್ ದ್ರಾವಣಕ್ಕೆ ಬೆರೆಸಿ ಕಾದರೆ ತಿಳಿಹಳದಿ ಬಣ್ಣ ಕಂದಾಗುತ್ತದೆ, ಬೆಳ್ಳಿಯ ನ್ಯಾನೊ ಕಣಗಳು ಸಿದ್ಧವಾದವೆಂದು ಬರೆದುಕೊಳ್ಳುತ್ತೇವೆ.

ತೊಡಕು ಶುರುವಾಗುವುದು ಆ ಬರೆದುಕೊಳ್ಳುವ ಹಂತದಲ್ಲಿ. ಬಣ್ಣ ಬದಲಾದದ್ದು ಸುಳಿವು ಮಾತ್ರ. ಸಾಮಾನ್ಯವಾಗಿ ವಿದ್ಯಾರ್ಥಿ ಮುಂದೆ ಎಕ್ಸ್‌ಆರ್‌ಡಿ, ಅಂದರೆ ಎಕ್ಸ್-ಕಿರಣ ವಿವರ್ತನೆಯ ಪರೀಕ್ಷೆ ಮಾಡಿಸುತ್ತಾನೆ. ಅದರ ನಕ್ಷೆಯಲ್ಲಿ ಮೂಡುವ ಶಿಖರ ಎಷ್ಟು ಅಗಲವಾಗಿದೆ ಎಂಬುದರಿಂದ ಶೆರರ್ ಸೂತ್ರ ಬಳಸಿ ಒಂದು ಗಾತ್ರವನ್ನು ಪಡೆಯುತ್ತಾನೆ, ಅದನ್ನೇ ಕಣದ ಗಾತ್ರವೆಂದು ಪ್ರಬಂಧದಲ್ಲಿ ಬರೆಯುತ್ತಾನೆ. ಆದರೆ ಆ ಸೂತ್ರ ಕೊಡುವುದು ಸ್ಫಟಿಕದ ಅಳತೆಯನ್ನು. ಒಂದು ಕಣದೊಳಗೆ ಅಂಥ ಹತ್ತಾರು ಸ್ಫಟಿಕಗಳು ಅಂಟಿಕೊಂಡಿರಬಹುದು. ಉಪಕರಣದಿಂದಲೇ ಉಂಟಾಗುವ ಅಗಲವನ್ನು ಕಳೆಯದಿದ್ದರೆ ಆ ಅಂಕಿಯೂ ಸರಿಯಲ್ಲ. ಬೆಳಕಿನ ಚದುರುವಿಕೆಯಿಂದ ದ್ರವದಲ್ಲಿರುವ ಕಣಗಳನ್ನು ಅಳೆಯುವ ಉಪಕರಣ ಇನ್ನೊಂದು ಗಾತ್ರವನ್ನು ಹೇಳುತ್ತದೆ, ಏಕೆಂದರೆ ಅದು ಕಣದ ಜೊತೆಗೆ ಅದು ಎಳೆದುಕೊಂಡು ಚಲಿಸುವ ದ್ರವದ ಹೊದಿಕೆಯನ್ನೂ ಸೇರಿಸಿ ಅಳೆಯುತ್ತದೆ, ಮತ್ತು ಕೆಲವೇ ದೊಡ್ಡ ಉಂಡೆಗಳಿದ್ದರೂ ಅವುಗಳ ಬೆಳಕು ಸಣ್ಣ ಕಣಗಳ ಬೆಳಕನ್ನು ಮುಚ್ಚಿಹಾಕುತ್ತದೆ. ಮಾದರಿಯ ಮೂಲಕ ಎಲೆಕ್ಟ್ರಾನುಗಳನ್ನು ಹಾಯಿಸಿ ಚಿತ್ರ ಪಡೆಯುವ ಪಾರಕ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಕಣವನ್ನೇ ತೋರಿಸುತ್ತದೆ, ನಿಜ. ಆದರೆ ಅದು ತೋರಿಸುವುದು ಒಂದು ಹನಿಯ ಅತಿ ಸಣ್ಣ ಮೂಲೆಯನ್ನು. ಚೆನ್ನಾಗಿ ಕಂಡ ಚಿತ್ರವೊಂದನ್ನು ಆರಿಸಿ ಅಂಟಿಸಿದರೆ ಅದು ಮಾದರಿಯ ಸಾಕ್ಷಿಯಾಗುವುದಿಲ್ಲ, ಬೇರೆ ಬೇರೆ ಕಡೆ ತೆಗೆದ ಚಿತ್ರಗಳಲ್ಲಿ ನೂರಾರು ಕಣಗಳನ್ನು ಅಳೆದು ಹಂಚಿಕೆಯನ್ನು ತೋರಿಸಬೇಕಾಗುತ್ತದೆ. ಮೂರು ಉಪಕರಣಗಳು ಮೂರು ಅಂಕಿಗಳನ್ನು ಕೊಟ್ಟಾಗ ಯಾವುದು ಸುಳ್ಳು ಎಂದು ಕೇಳುವ ವಿದ್ಯಾರ್ಥಿಗೆ, ಮೂರೂ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಎಂದು ಮನವರಿಕೆ ಮಾಡಿಕೊಡುವುದೇ ನನ್ನ ಪಾಲಿಗೆ ಈ ವಿಷಯದ ನಿಜವಾದ ಶಿಕ್ಷಣ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ನಮ್ಮ ಗಾದೆ ಕಣ್ಣಿಗೆ ಕಾಣುವ ವಸ್ತುಗಳಿಗೇ ಅಷ್ಟು ಎಚ್ಚರ ಹೇಳುತ್ತದೆಂದ ಮೇಲೆ, ಕಾಣದ ವಸ್ತುಗಳ ಬಗ್ಗೆ ಎಷ್ಟು ಎಚ್ಚರ ಬೇಕಾದೀತು.

ಆದರೆ ಆ ಶಿಕ್ಷಣಕ್ಕೆ ಉಪಕರಣದ ಮುಂದೆ ಕೂರುವ ಅವಕಾಶ ಬೇಕು. ನಮ್ಮ ವಿದ್ಯಾರ್ಥಿಗಳು ಮಾದರಿಯನ್ನು ಪುಟ್ಟ ಪ್ಲಾಸ್ಟಿಕ್ ಶೀಶೆಯಲ್ಲಿ ತುಂಬಿ, ಶುಲ್ಕ ಕಟ್ಟಿ, ಕೊರಿಯರ್ ಮಾಡುತ್ತಾರೆ. ಕೊಚ್ಚಿ ವಿಶ್ವವಿದ್ಯಾನಿಲಯದ ಉಪಕರಣ ಕೇಂದ್ರಕ್ಕೆ ಋಣ ಸಲ್ಲಿಸದ ನ್ಯಾನೊ ಪ್ರಬಂಧಗಳು ಕರ್ನಾಟಕದಲ್ಲಿ ಕಡಿಮೆಯೇ ಇರಬೇಕು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಉಪಕರಣ ಕೇಂದ್ರ, ಮಾನಸಗಂಗೋತ್ರಿಯ ವಿಜ್ಞಾನ ಭವನ ಈಗ ಹತ್ತಿರದಲ್ಲೇ ಇವೆ ಎಂಬುದು ಸಮಾಧಾನದ ಸಂಗತಿ. ಕೆಲವು ವಾರಗಳ ನಂತರ ಇಮೇಲಿನಲ್ಲಿ ಚಿತ್ರ ಬರುತ್ತದೆ. ಆ ಚಿತ್ರವನ್ನು ಪಡೆಯಲು ಎಷ್ಟು ವೋಲ್ಟೇಜ್ ಬಳಸಿದರು, ಮಾದರಿಯನ್ನು ಹೇಗೆ ಚದುರಿಸಿದರು, ಎಷ್ಟು ಕಡೆ ನೋಡಿದ ಮೇಲೆ ಇದನ್ನು ಆರಿಸಿದರು ಎಂಬ ಯಾವುದೂ ವಿದ್ಯಾರ್ಥಿಗೆ ಗೊತ್ತಿರುವುದಿಲ್ಲ. ಒಂದು ಅಧ್ಯಾಪಕ ತರಬೇತಿಯಲ್ಲಿ ನಾನು ಉಪಕರಣವನ್ನು ನಿರ್ವಹಿಸುವವರ ಪಕ್ಕದಲ್ಲಿ ಒಂದು ಮಧ್ಯಾಹ್ನ ಪೂರ್ತಿ ಕುಳಿತಿದ್ದೆ. ಅದೇ ಮಾದರಿಯು ಫೋಕಸ್ ಸ್ವಲ್ಪ ಜಾರಿದಾಗ ಬೇರೆಯೇ ಗಾತ್ರದ್ದಾಗಿ ಕಾಣುವುದನ್ನು, ಎಲೆಕ್ಟ್ರಾನ್ ಕಿರಣದಡಿ ಹೆಚ್ಚು ಹೊತ್ತು ಇಟ್ಟರೆ ಕಣಗಳು ಕರಗಿ ಒಂದಾಗುವುದನ್ನು ಕಣ್ಣಾರೆ ಕಂಡೆ. ವರ್ಷಗಟ್ಟಲೆ ಪಠ್ಯದಿಂದ ತಿಳಿದದ್ದಕ್ಕೆ ಆ ಮಧ್ಯಾಹ್ನ ಒಂದು ತಳಪಾಯ ಹಾಕಿತು.

ಈ ಕೊರತೆಯನ್ನು ಮನಗಂಡು ನಡೆದ ಪ್ರಯತ್ನಗಳೂ ಇವೆ, ಅವುಗಳ ಬೆಲೆಯನ್ನು ನಾನು ಕಡಿಮೆ ಮಾಡುವುದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2010ರಲ್ಲಿ ರೂಪುಗೊಂಡ ನ್ಯಾನೊ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದ ಕ್ಲೀನ್ ರೂಮ್ ದೇಶದ ಅತ್ಯುತ್ತಮ ಸೌಲಭ್ಯಗಳಲ್ಲಿ ಒಂದು. ಅಲ್ಲಿನ ಅತಿ ಶುಚಿಯಾದ ಭಾಗದಲ್ಲಿ ಒಂದು ಘನ ಅಡಿ ಗಾಳಿಯಲ್ಲಿ ಅರ್ಧ ಮೈಕ್ರೋಮೀಟರ್ ಅಥವಾ ಅದಕ್ಕಿಂತ ದೊಡ್ಡದಾದ ಧೂಳಿನ ಕಣಗಳು ನೂರನ್ನು ಮೀರುವಂತಿಲ್ಲ. ಲಿಥೋಗ್ರಫಿ, ಅಂದರೆ ಬೆಳಕಿನಿಂದ ಸೂಕ್ಷ್ಮ ವಿನ್ಯಾಸಗಳನ್ನು ಅಚ್ಚೊತ್ತುವ ಕೆಲಸ ಮಾಡುವ ಕೋಣೆಯಲ್ಲಿ ದೀಪಗಳೆಲ್ಲ ಹಳದಿ, ಏಕೆಂದರೆ ಸಿಲಿಕಾನಿನ ಮೇಲೆ ಸವರುವ ರಸಾಯನವು ನೀಲಿ ಮತ್ತು ನೇರಳಾತೀತ ಬೆಳಕಿಗೆ ಪ್ರತಿಕ್ರಿಯಿಸುತ್ತದೆ. ಭಾರತೀಯ ನ್ಯಾನೊಎಲೆಕ್ಟ್ರಾನಿಕ್ಸ್ ಬಳಕೆದಾರರ ಕಾರ್ಯಕ್ರಮದ ಮೂಲಕ ದೇಶದ ಯಾವುದೇ ಕಾಲೇಜಿನ ವಿದ್ಯಾರ್ಥಿಯಾಗಲಿ ಅಧ್ಯಾಪಕನಾಗಲಿ ಅರ್ಜಿ ಹಾಕಿ, ಅಲ್ಲಿ ತರಬೇತಿ ಪಡೆದು, ತನ್ನ ಯೋಜನೆ ಒಪ್ಪಿಗೆಯಾದರೆ ಆ ಉಪಕರಣಗಳಲ್ಲೇ ಕೆಲಸ ಮಾಡಬಹುದು. ಇದೇ ಕೇಂದ್ರದ ಪ್ರೊ. ನವಕಾಂತ ಭಟ್ ಅವರ ಸಂಶೋಧನೆಯಿಂದ ಬೆಳೆದ ಪಾತ್‌ಶೋಧ್ ಎಂಬ ಕಂಪನಿ ಅಂಗೈಯಲ್ಲಿ ಹಿಡಿಯುವ ರಕ್ತಪರೀಕ್ಷಾ ಸಾಧನವನ್ನು ತಯಾರಿಸಿದೆ. ಭಟ್ ಅವರು ಪದವಿ ಪಡೆದದ್ದು ಮೈಸೂರಿನ ಎಸ್‌ಜೆಸಿಇ ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಂಬುದನ್ನು ನಾನು ವಿದ್ಯಾರ್ಥಿಗಳಿಗೆ ತಪ್ಪದೆ ಹೇಳುತ್ತೇನೆ. ಆದರೂ ಇಂಥ ಕಾರ್ಯಕ್ರಮವಿದೆ ಎಂಬ ಸುದ್ದಿಯೇ ಹಲವು ಕಾಲೇಜುಗಳ ಸೂಚನಾ ಫಲಕವನ್ನು ಮುಟ್ಟಿಲ್ಲ. ಇಂಗ್ಲಿಷಿನಲ್ಲಿ ಅರ್ಜಿ ಬರೆಯಲು ಹಿಂಜರಿಯುವ, ಬೆಂಗಳೂರಿನಲ್ಲಿ ಉಳಿಯುವ ಖರ್ಚಿಗೆ ಹೆದರುವ ಹುಡುಗಿಯರನ್ನು ನಾನು ಪ್ರತಿ ತಂಡದಲ್ಲೂ ನೋಡುತ್ತೇನೆ.

ಅಳತೆಯ ಪ್ರಶ್ನೆ ಪ್ರಯೋಗಾಲಯದೊಳಗೇ ಉಳಿದಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಅದು ಈಗ ರೈತರ ಸೊಸೈಟಿಯ ಕೌಂಟರಿಗೆ ಬಂದು ನಿಂತಿದೆ. ಸಹಕಾರಿ ಗೊಬ್ಬರ ಸಂಸ್ಥೆಯಾದ ಇಫ್ಕೊ 2021ರ ಮೇ ಕೊನೆಯಲ್ಲಿ ನ್ಯಾನೊ ಯೂರಿಯಾ ದ್ರವವನ್ನು ಬಿಡುಗಡೆ ಮಾಡಿತು. ಅರ್ಧ ಲೀಟರಿನ ಒಂದು ಬಾಟಲಿ 45 ಕಿಲೋ ಯೂರಿಯಾ ಚೀಲಕ್ಕೆ ಸಮ ಎಂಬುದು ಅದರ ಪ್ರಚಾರ. ಹತ್ತನೆಯ ತರಗತಿಯ ಮಗುವೂ ಮಾಡಬಹುದಾದ ಲೆಕ್ಕವನ್ನು ಇಲ್ಲಿ ಮಾಡಿ ನೋಡೋಣ. ಮೊದಲು ಬಂದ ಬಾಟಲಿಯಲ್ಲಿ ಸಾರಜನಕದ ಪ್ರಮಾಣ ಶೇಕಡಾ 4, ಅಂದರೆ ಅರ್ಧ ಲೀಟರಿನಲ್ಲಿ 20 ಗ್ರಾಂ. ಚೀಲದ ಯೂರಿಯಾದಲ್ಲಿ ಶೇಕಡಾ 46, ಅಂದರೆ 45 ಕಿಲೋದಲ್ಲಿ 20.7 ಕಿಲೋ. ಒಂದಕ್ಕೆ ಸಾವಿರದಷ್ಟು ವ್ಯತ್ಯಾಸ. ಮಣ್ಣಿಗೆ ಹಾಕಿದ ಯೂರಿಯಾದಲ್ಲಿ ಹೆಚ್ಚು ಭಾಗ ಆವಿಯಾಗಿ, ನೀರಿನೊಂದಿಗೆ ಬಸಿದು ಹಾಳಾಗುತ್ತದೆ ಎಂಬುದು ನಿಜವೇ. ಶೇಕಡಾ 30ರಷ್ಟು ಮಾತ್ರ ಬೆಳೆಗೆ ದಕ್ಕಿತು ಎಂದಿಟ್ಟುಕೊಂಡರೂ ಅದು ಆರು ಕಿಲೋ. ಬಾಟಲಿಯ ಕೊನೆಯ ಹನಿಯವರೆಗೂ ಎಲೆ ಹೀರಿಕೊಂಡರೂ ಸಿಗುವುದು 20 ಗ್ರಾಂ. ಬೆಳೆಯ ಸಾರಜನಕದ ಹಸಿವು ತೂಕದ ಲೆಕ್ಕದ್ದು, ಏಕೆಂದರೆ ಕಾಳಿನ ಪ್ರೋಟೀನಿನಲ್ಲಿ ಆ ಸಾರಜನಕ ಇರಲೇಬೇಕು. ಕಣ ಸಣ್ಣದಾದ ಮಾತ್ರಕ್ಕೆ ಪರಮಾಣುಗಳ ಸಂಖ್ಯೆ ಹೆಚ್ಚುವುದಿಲ್ಲ. ಇದರ ಜೊತೆಗೆ ಯೂರಿಯಾ ನೀರಿನಲ್ಲಿ ಸಕ್ಕರೆಯಂತೆ ಪೂರ್ತಿ ಕರಗುವ ವಸ್ತು. ಕರಗಿದ ಮೇಲೆ ಅಲ್ಲಿ ಕಣವಾಗಿ ಉಳಿದದ್ದು ಏನು, ಅದನ್ನು ಯಾವ ವಿಧಾನದಿಂದ ಅಳೆದರು ಎಂಬ ಪ್ರಶ್ನೆಗೆ ಸ್ಪಷ್ಟ ಉತ್ತರ ಬೇಕಾಗುತ್ತದೆ.

ಇಫ್ಕೊ ತನ್ನ ಪರವಾಗಿ ಸುಮಾರು 11,000 ರೈತರ ಹೊಲಗಳ ಪ್ರಯೋಗಗಳನ್ನು, ಸರಾಸರಿ ಶೇಕಡಾ 8ರಷ್ಟು ಹೆಚ್ಚಿದ ಇಳುವರಿಯನ್ನು ಮುಂದಿಟ್ಟಿದೆ. ಪಂಜಾಬ್ ಕೃಷಿ ವಿಶ್ವವಿದ್ಯಾಲಯದ ಎರಡು ವರ್ಷಗಳ ಪ್ರಯೋಗದಲ್ಲಿ ರೂಢಿಯ ಯೂರಿಯಾ ಬಳಕೆಗೆ ಹೋಲಿಸಿದರೆ ಭತ್ತದ ಇಳುವರಿ ಶೇಕಡಾ 13ರಷ್ಟು, ಗೋಧಿಯದು ಶೇಕಡಾ 21.6ರಷ್ಟು ಕುಸಿದದ್ದು ವರದಿಯಾಗಿದೆ. ಕಾಳಿನ ಪ್ರೋಟೀನೂ ಇಳಿದಿದೆ. ಡೆನ್ಮಾರ್ಕಿನ ವಿಜ್ಞಾನಿಗಳಾದ ಮ್ಯಾಕ್ಸ್ ಫ್ರಾಂಕ್ ಮತ್ತು ಸೋರೆನ್ ಹುಸ್ಟೆಡ್ 2023ರಲ್ಲಿ ಈ ಉತ್ಪನ್ನದ ವೈಜ್ಞಾನಿಕ ಆಧಾರವನ್ನೇ ಪ್ರಶ್ನಿಸಿ ಲೇಖನ ಪ್ರಕಟಿಸಿದರು. ಎರಡು ಕಡೆಯ ಅಂಕಿಗಳು ಹೀಗೆ ಎದುರುಬದುರಾಗಿ ನಿಂತಾಗ ನಾನು ಕೇಳುವುದು ಎರಡನೆಯ ಗೆರೆಯನ್ನು: ಏನನ್ನೂ ಸಿಂಪಡಿಸದ ತಾಕು ಇತ್ತೇ, ಬರಿಯ ನೀರು ಸಿಂಪಡಿಸಿದ ತಾಕು ಇತ್ತೇ, ಅದೇ 20 ಗ್ರಾಂ ಸಾರಜನಕವನ್ನು ಸಾಮಾನ್ಯ ಯೂರಿಯಾ ಕರಗಿಸಿ ಸಿಂಪಡಿಸಿದ ತಾಕು ಇತ್ತೇ? ಕೊನೆಯ ತಾಕು ಇಲ್ಲದಿದ್ದರೆ ಬಂದ ಫಲ ನ್ಯಾನೊದ್ದೋ ಎಲೆಗೆ ಸಿಂಪಡಿಸಿದ್ದರದ್ದೋ ಎಂದು ಬೇರ್ಪಡಿಸಲು ಆಗುವುದಿಲ್ಲ. ಕೆಲವು ಕಡೆ ಯೂರಿಯಾ ಚೀಲ ಬೇಕೆಂದರೆ ಬಾಟಲಿಯನ್ನೂ ಕೊಳ್ಳಲೇಬೇಕೆಂದು ಹೇಳುತ್ತಾರೆ ಎಂದು ನನ್ನ ವಿದ್ಯಾರ್ಥಿಗಳ ಮನೆಯವರು ದೂರುತ್ತಾರೆ. ಅಳೆಯಲು ಸಾಧನವಿಲ್ಲದವನ ಕೈಗೆ, ಹೋಲಿಸಿ ನೋಡುವ ಅವಕಾಶವನ್ನೂ ಕೊಡದೆ, ವಿಜ್ಞಾನದ ಹೆಸರಿನಲ್ಲಿ ಒಂದು ವಸ್ತುವನ್ನು ಕೊಡುವುದು ನನ್ನನ್ನು ತೀವ್ರವಾಗಿ ನೋಯಿಸುತ್ತದೆ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ನ್ಯಾನೊ ತಂತ್ರಜ್ಞಾನದ ಕೇಂದ್ರವಿದೆ. ಜೈವಿಕ ತಂತ್ರಜ್ಞಾನ ಇಲಾಖೆ 2020ರಲ್ಲಿ ಕೃಷಿ ಮತ್ತು ಆಹಾರದ ನ್ಯಾನೊ ಉತ್ಪನ್ನಗಳನ್ನು ಹೇಗೆ ಮೌಲ್ಯಮಾಪನ ಮಾಡಬೇಕೆಂಬ ಮಾರ್ಗಸೂಚಿ ಹೊರಡಿಸಿದೆ. ಇವುಗಳ ತಿಳಿವಳಿಕೆ ರೈತ ಸಂಪರ್ಕ ಕೇಂದ್ರಗಳ ಮಟ್ಟಕ್ಕೆ ಕನ್ನಡದಲ್ಲಿ ಇಳಿಯಬೇಕು.

ಅನ್ವಯ ಹೇಗಿರಬೇಕು ಎಂಬುದಕ್ಕೆ ಒಳ್ಳೆಯ ಮಾದರಿಯೂ ನಮ್ಮ ನೆರೆಯಲ್ಲೇ ಇದೆ. ಬೆಂಗಳೂರಿನಲ್ಲಿ ಪಿಎಚ್‌ಡಿ ಮುಗಿಸಿ ಐಐಟಿ ಮದ್ರಾಸಿನಲ್ಲಿ ಕೆಲಸ ಮಾಡುತ್ತಿರುವ ಪ್ರೊ. ಟಿ. ಪ್ರದೀಪ್ ಮತ್ತು ಅವರ ತಂಡ ಕುಡಿಯುವ ನೀರಿನ ಮೇಲೆ ದಶಕಗಳಿಂದ ದುಡಿದಿದೆ. ಬೆಳ್ಳಿ, ಚಿನ್ನದ ನ್ಯಾನೊ ಕಣಗಳು ನೀರಿನಲ್ಲಿರುವ ಕೆಲವು ಕೀಟನಾಶಕಗಳನ್ನು ತೆಗೆಯಬಲ್ಲವೆಂದು ಮೊದಲು ತೋರಿಸಿದರು, ಅದು ಮನೆಬಳಕೆಯ ಫಿಲ್ಟರ್ ಆಗಿ ಮಾರುಕಟ್ಟೆಗೂ ಬಂದಿತು. ಮುಂದೆ ಕಬ್ಬಿಣದ ಆಕ್ಸಿಹೈಡ್ರಾಕ್ಸೈಡಿನ ನ್ಯಾನೊ ಕಣಗಳನ್ನು ಸಿಗಡಿ, ಏಡಿಗಳ ಚಿಪ್ಪಿನಿಂದ ದೊರೆಯುವ ಕೈಟೊಸಾನ್ ಎಂಬ ಪಾಲಿಮರಿನ ಹಂದರದೊಳಗೆ ಕಟ್ಟಿಹಾಕಿ, ಆರ್ಸೆನಿಕನ್ನು ಹಿಡಿದಿಡುವ ಹರಳುಗಳನ್ನು ತಯಾರಿಸಿದರು. ಇಲ್ಲಿ ನನಗೆ ಮೆಚ್ಚುಗೆಯಾಗುವುದು ಆ ಕಟ್ಟಿಹಾಕುವ ಜಾಣ್ಮೆ. ನೀರನ್ನು ಶುಚಿಮಾಡುವ ಕಣವೇ ನೀರಿಗೆ ಬಿಡುಗಡೆಯಾದರೆ ಒಂದು ವಿಷವನ್ನು ತೆಗೆದು ಇನ್ನೊಂದು ಅನುಮಾನವನ್ನು ಸೇರಿಸಿದಂತಾಗುತ್ತದೆ. ಅದನ್ನು ಮೊದಲೇ ಯೋಚಿಸಿದ್ದಾರೆ. ಈ ಹರಳುಗಳು ಸಾಮಾನ್ಯ ತಾಪಮಾನದಲ್ಲಿ, ನೀರಿನಲ್ಲೇ ರೂಪುಗೊಳ್ಳುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಇದರ ಫಲವನ್ನು ಯಾರು ಬೇಕಾದರೂ ಪರೀಕ್ಷಿಸಬಹುದು: ಒಳಹೋಗುವ ನೀರಿನಲ್ಲಿ ಆರ್ಸೆನಿಕ್ ಎಷ್ಟು, ಹೊರಬರುವ ನೀರಿನಲ್ಲಿ ಎಷ್ಟು, ಲೀಟರಿಗೆ 10 ಮೈಕ್ರೋಗ್ರಾಂ ಎಂಬ ಮಿತಿಯೊಳಗಿದೆಯೇ ಇಲ್ಲವೇ. ರಾಯಚೂರು, ಯಾದಗಿರಿ ಜಿಲ್ಲೆಗಳ ಚಿನ್ನದ ಅದಿರಿನ ಪಟ್ಟಿಯ ಕೆಲವು ಹಳ್ಳಿಗಳ ಕೊಳವೆಬಾವಿಗಳಲ್ಲಿ ಆರ್ಸೆನಿಕ್ ಕಾಣಿಸಿಕೊಂಡದ್ದನ್ನು ಬಲ್ಲ ನಮಗೆ ಇದು ದೂರದ ವಿಷಯವಲ್ಲ.

ಔಷಧ ಕ್ಷೇತ್ರದಲ್ಲಿ ಇಂಥ ಕಟ್ಟುನಿಟ್ಟು ಮೊದಲಿನಿಂದಲೂ ಇದೆ. ಕೋವಿಡ್ ಕಾಲದ ಎಂಆರ್‌ಎನ್‌ಎ ಲಸಿಕೆಗಳು ಸುಮಾರು 100 ನ್ಯಾನೋಮೀಟರಿನ ಕೊಬ್ಬಿನ ಗುಳಿಗೆಗಳಲ್ಲಿ ಪ್ರೋಟೀನು ತಯಾರಿಸಲು ಹೇಳುವ ಎಂಆರ್‌ಎನ್‌ಎ ಸಂದೇಶವನ್ನು ಅಡಗಿಸಿ ಜೀವಕೋಶಕ್ಕೆ ತಲುಪಿಸಿದವು, ಪುಣೆಯ ಜೆನ್ನೋವಾ ರೂಪಿಸಿದ ಲಸಿಕೆಗೆ 2022ರಲ್ಲಿ ಒಪ್ಪಿಗೆ ದೊರೆಯಿತು. ತಯಾರಿಕೆಯ ಪ್ರತಿ ಬ್ಯಾಚಿನ ಕಣಗಳ ಗಾತ್ರವನ್ನು ದಾಖಲಿಸದೆ ಇಂಥ ಯಾವ ಲಸಿಕೆಯೂ ಕಾರ್ಖಾನೆಯಿಂದ ಹೊರಡುವುದಿಲ್ಲ.

ಶಿಕ್ಷಣದ ವಿಚಾರದಲ್ಲಿ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸದಿರಬಹುದು. ಹದಿನೆಂಟು ವರ್ಷದ ಮಕ್ಕಳನ್ನು ನೇರವಾಗಿ ನ್ಯಾನೊ ತಂತ್ರಜ್ಞಾನ ಎಂಬ ಹೆಸರಿನ ಪದವಿಗೆ ಸೇರಿಸುವುದಕ್ಕಿಂತ ಭೌತಶಾಸ್ತ್ರ, ರಸಾಯನಶಾಸ್ತ್ರ, ಎಲೆಕ್ಟ್ರಾನಿಕ್ಸ್, ಜೀವಶಾಸ್ತ್ರಗಳಲ್ಲಿ ಒಂದನ್ನು ಗಟ್ಟಿಯಾಗಿ ಕಲಿಸಿ, ಸ್ನಾತಕೋತ್ತರ ಹಂತದಲ್ಲಿ ಇತ್ತ ತಿರುಗಿಸುವುದು ಮೇಲು. ನ್ಯಾನೊ ಒಂದು ಅಳತೆಯ ಪ್ರದೇಶ, ಅಲ್ಲಿಗೆ ನಾಲ್ಕು ದಿಕ್ಕಿನಿಂದಲೂ ಹೋಗಬಹುದು, ಆದರೆ ಯಾವುದಾದರೂ ಒಂದು ದಿಕ್ಕಿನಿಂದ ನಡೆದೇ ಹೋಗಬೇಕು. ಕೆಲಸ ಸಿಗುವುದೂ ಹಾಗೆಯೇ: ಬೆಂಗಳೂರಿನ ಚಿಪ್ ಕಂಪನಿಗಳು, ಬಣ್ಣದ, ಬ್ಯಾಟರಿಯ, ಔಷಧದ ಕಾರ್ಖಾನೆಗಳು ಹುಡುಕುವುದು ಉಪಕರಣವನ್ನು ಓಡಿಸಿ, ಬಂದ ಅಂಕಿಯನ್ನು ನಂಬಬೇಕೋ ಬೇಡವೋ ಎಂದು ತೀರ್ಮಾನಿಸಬಲ್ಲವರನ್ನು.

ಅದಕ್ಕೆ ಪ್ರೌಢಶಾಲೆಯಲ್ಲೇ ಬುನಾದಿ ಹಾಕಬಹುದು, ಹೆಚ್ಚಿನ ಹಣವೂ ಬೇಡ. ಅಂಗಡಿಯಲ್ಲಿ ಸಿಗುವ ಕೆಂಪು ಲೇಸರ್ ಪಾಯಿಂಟರಿನ ತರಂಗಾಂತರ ಸುಮಾರು 650 ನ್ಯಾನೋಮೀಟರ್. ಹಳೆಯ ಸಿಡಿಯೊಂದರ ಮೇಲೆ ಅದನ್ನು ನೇರವಾಗಿ ಬಿಟ್ಟರೆ ಪ್ರತಿಫಲಿಸಿದ ಚುಕ್ಕಿಯ ಎರಡೂ ಬದಿಗೆ ಇನ್ನಷ್ಟು ಚುಕ್ಕಿಗಳು ಮೂಡುತ್ತವೆ. ಸಿಡಿಗೂ ಎದುರಿನ ರಟ್ಟಿಗೂ ಇರುವ ದೂರವನ್ನು, ನಡುವಿನ ಚುಕ್ಕಿಗೂ ಅದರ ಪಕ್ಕದ ಚುಕ್ಕಿಗೂ ಇರುವ ಅಂತರವನ್ನು ಅಳತೆಪಟ್ಟಿಯಿಂದ ಅಳೆದು, ಅವುಗಳಿಂದ ಸಿಗುವ ಕೋನದ ಸೈನ್ ಮೌಲ್ಯದಿಂದ 650ನ್ನು ಭಾಗಿಸಿದರೆ ಸಿಡಿಯ ಜಾಡುಗಳ ನಡುವಿನ ಅಂತರ ಸಿಗುತ್ತದೆ, ಅದು 1,600 ನ್ಯಾನೋಮೀಟರಿನ ಆಸುಪಾಸಿನಲ್ಲಿರುತ್ತದೆ. ಡಿವಿಡಿಯಲ್ಲಿ ಮಾಡಿದರೆ ಚುಕ್ಕಿ ಬಹಳ ದೂರಕ್ಕೆ ಸರಿಯುತ್ತದೆ, ಉತ್ತರ 740ರ ಹತ್ತಿರ ಬರುತ್ತದೆ. ಲೇಸರನ್ನು ಯಾರ ಕಣ್ಣಿಗೂ ಬೀಳದಂತೆ ಹಿಡಿಯಬೇಕು ಎಂಬ ಎಚ್ಚರಿಕೆ ಒಂದಿರಲಿ. ಬೇರೆ ಬೇರೆ ಗುಂಪಿನ ಮಕ್ಕಳು ಬೇರೆ ಬೇರೆ ಅಂಕಿಗಳನ್ನು ಹಲಗೆಯ ಮೇಲೆ ಬರೆಯುತ್ತಾರೆ. ಯಾರದ್ದು ಏಕೆ ಬೇರೆಯಾಯಿತು ಎಂಬ ಚರ್ಚೆಗೆ ಇಡೀ ಒಂದು ಅವಧಿಯನ್ನು ಕೊಡಬೇಕು. ಆಮೇಲೆ ಬ್ಲೂ-ರೇ ತಟ್ಟೆಯೊಂದನ್ನು ಕೊಡಬೇಕು. ಅದರ ಜಾಡುಗಳ ಅಂತರ 320 ನ್ಯಾನೋಮೀಟರ್, ಕೆಂಪು ಬೆಳಕಿನ ತರಂಗಾಂತರಕ್ಕಿಂತ ಕಡಿಮೆ. ಹಾಗಾಗಿ ಲೇಸರನ್ನು ನೇರವಾಗಿ ಬಿಟ್ಟಾಗ ಬದಿಯ ಚುಕ್ಕಿ ಮೂಡುವುದೇ ಇಲ್ಲ. ಜಾಡು ಇದೆ, ಆದರೆ ಈ ಬೆಳಕಿನಿಂದ, ಈ ರೀತಿಯಲ್ಲಿ ಅದನ್ನು ಅಳೆಯಲು ಬರುವುದಿಲ್ಲ. ಧಾರವಾಡಕ್ಕೋ ಮೈಸೂರಿಗೋ ಕರೆದೊಯ್ದು ಮಕ್ಕಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮುಂದೆ ನಿಲ್ಲಿಸಬೇಕಾದ್ದು ಅದನ್ನು ಅವರೇ ಕಂಡುಕೊಂಡ ಮೇಲೆ.